ನೇರಳೆ ಹೊಟ್ಟೆಯ ಬಿಳಿ ಕುದುರೆ

ಜೂನ್, ಎರಡನೆಯ ವಾರ

ಚಿಕ್ಕಮಗಳೂರಿಗೆ ಮಳೆ ಹಿಡಿದಿದೆ. ಸೋದರಮಾವನ ಮನೆಯ ಅಟ್ಟದಿಂದ ಕಬ್ಬಿಣದ ಟ್ರಂಕನ್ನು ಇಳಿಸಿದಾಗ ಮುಚ್ಚಳ ತೆಗೆಯುವ ಮೊದಲೇ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ನಲವತ್ತೊಂದು ಚಿತ್ರಕಥೆ ಪುಸ್ತಕಗಳು. ಹೆಚ್ಚಿನವು ಕನ್ನಡದ ಇಂದ್ರಜಾಲ ಕಾಮಿಕ್ಸ್, ಉಳಿದವು ಅಮರ ಚಿತ್ರ ಕಥೆ. ಮಾವ ಹುಡುಗರಾಗಿದ್ದಾಗ ಈ ಊರಿಗೆ ರೈಲು ಇರಲಿಲ್ಲ, ಅದು ಬಂದದ್ದು 2013ರಲ್ಲಿ. ಕಡೂರಿಗೆ ಹೋದಾಗಲೆಲ್ಲ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಒಂದೊಂದನ್ನೇ ಕೊಂಡು, ಬಸ್ಸು ಊರು ಮುಟ್ಟುವಷ್ಟರಲ್ಲಿ ಓದಿ ಮುಗಿಸಿ, ಮನೆಗೆ ಬಂದು ಮತ್ತೆ ಮೊದಲಿನಿಂದ ಓದುತ್ತಿದ್ದರಂತೆ.

ಅವುಗಳಲ್ಲಿ ಒಂದನ್ನು ಅವರು ಬೇರೆ ತೆಗೆದು ನನ್ನ ಕೈಗಿಟ್ಟರು. ರಕ್ಷಾಪುಟ ಕಳೆದುಕೊಂಡ, ಮುಖವಾಡ ತೊಟ್ಟ ಕಾಡಿನ ವೀರ ಫ್ಯಾಂಟಮ್ ಪುಸ್ತಕ, ಎಪ್ಪತ್ತರ ದಶಕದ್ದು. ಏಳು ಹಾಳೆಗಳನ್ನು ನಡುವೆ ಮಡಚಿ ಎರಡು ಪಿನ್ನು ಹೊಡೆದ 28 ಪುಟಗಳು. "ಇದನ್ನು ಮತ್ತೆ ಓದುವ ಹಾಗೆ ಮಾಡಿಕೊಡು" ಎಂದರು.

ಮದುವೆ ಪತ್ರಿಕೆ, ಎಸ್ಟೇಟಿನ ಹಾಜರಿ ಪುಸ್ತಕ, ಜಾತ್ರೆಯ ಕರಪತ್ರಗಳ ನಡುವೆ ಇಪ್ಪತ್ತೆರಡು ವರ್ಷ ಮುದ್ರಣದ ಕೆಲಸ ಮಾಡಿದ್ದೇನೆ. ಹರಿದದ್ದನ್ನು ಅಂಟಿಸುವುದು ನನಗೆ ಕಷ್ಟವಲ್ಲ. ಆದರೆ ಈ ಪುಸ್ತಕ ಇನ್ನು ಕೈಯಿಂದ ಕೈಗೆ ಹೋಗುವ ಸ್ಥಿತಿಯಲ್ಲಿಲ್ಲ. ಮಡಿಕೆಯಲ್ಲಿ ಬೆರಳಿಟ್ಟರೆ ಪುಡಿ ಉದುರುತ್ತದೆ. ಮೂಲವನ್ನು ಉಳಿಸಿ ಕಾಪಿಡಬೇಕು, ಓದಲಿಕ್ಕೆ ಬೇರೊಂದು ಪ್ರತಿ ಮಾಡಬೇಕು. ಬೇರೊಂದು ಪ್ರತಿ ಎಂದ ಕೂಡಲೇ ಬಣ್ಣದ ಪ್ರಶ್ನೆ ಎದ್ದಿತು. ಹಳೆಯ ಚಿತ್ರಕಥೆಗಳನ್ನು ಮರುಮುದ್ರಿಸುವ ಎಲ್ಲರೂ ಜಗಳವಾಡುವ ಪ್ರಶ್ನೆ ಅದು: ಇದ್ದ ಬಣ್ಣವನ್ನೇ ಇಡಬೇಕೇ, ಈಗಿನ ಕಂಪ್ಯೂಟರ್ ವಿಧಾನದಲ್ಲಿ ಹೊಸದಾಗಿ ಬಳಿಯಬೇಕೇ? ಎರಡನ್ನೂ ಮಾಡಿ ನೋಡಿಯೇ ತೀರ್ಮಾನಿಸುತ್ತೇನೆ ಎಂದುಕೊಂಡೆ. ಇದು ಮನೆಯೊಳಗಿನ ಪ್ರತಿ. ಹಕ್ಕು ಬೇರೆಯವರದು, ಮಾರುವುದಕ್ಕೂ ಹಂಚುವುದಕ್ಕೂ ಅಲ್ಲ.

ಜೂನ್, ಮೂರನೆಯ ವಾರ

ಮೊದಲ ಕೆಲಸ ಒಣಗಿಸುವುದು. ಬಿಸಿಲಿಗೆ ಹಾಕುವಂತಿಲ್ಲ, ಹಾಕಲು ಬಿಸಿಲೂ ಇಲ್ಲ. ಬಿಸಿಲು ಬೂಷ್ಟನ್ನು ಕೊಲ್ಲುತ್ತದೆ ನಿಜ, ಜೊತೆಗೆ ಮಸಿಯನ್ನೂ ತಿನ್ನುತ್ತದೆ, ಅದರಲ್ಲೂ ಕೆಂಪು ಮತ್ತು ಹಳದಿಯನ್ನು. ಒಳಕೋಣೆಯಲ್ಲಿ ಫ್ಯಾನ್ ಹಾಕಿ, ಪುಸ್ತಕವನ್ನು ಬೀಸಣಿಗೆಯ ಹಾಗೆ ಬಿಚ್ಚಿ ನಿಲ್ಲಿಸಿ ಮೂರು ದಿನ ಬಿಟ್ಟೆ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಮಡಿಕೆಯ ಕಡೆಯಿಂದ ಹೊರಗೆ ಗುಡಿಸಿದೆ. ಹಸಿ ಬೂಷ್ಟನ್ನು ಒರೆಸಿದರೆ ಅದು ಕಾಗದದ ಒಳಕ್ಕೆ ಹೋಗಿ ಕೂರುತ್ತದೆ. ಮಳೆನಾಡಿನಲ್ಲಿ ಪುಸ್ತಕ ಇಟ್ಟುಕೊಂಡವರಿಗೆ ಈ ತಾಳ್ಮೆ ಬೇಕೇ ಬೇಕು. ಬೆಳ್ಳಿ ಹುಳುಗಳಿಗಾಗಿ ಪುಸ್ತಕವನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ ಒಂದು ವಾರ ಫ್ರೀಜರಿನಲ್ಲಿಟ್ಟೆ. ಹೊರತೆಗೆದ ಮೇಲೆ ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಹನಿಗಟ್ಟುತ್ತದೆ.

ಪಿನ್ನುಗಳು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ಕಂದು ಮಾಡಿದ್ದವು. ತುಕ್ಕು ಬರಿಯ ಕಲೆಯಲ್ಲ, ಕಬ್ಬಿಣ ಕಾಗದದ ನಾರನ್ನೇ ಕೊಳೆಸುತ್ತದೆ. ಎಳೆದು ಕೀಳದೆ, ಪುಸ್ತಕದ ನಡುಪುಟದಲ್ಲಿ ಪಿನ್ನಿನ ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ ಹಿಂದಕ್ಕೆ ಮೆಲ್ಲಗೆ ದೂಡಿದೆ. ಒಂದು ಕಾಲು ಮುರಿದು ಒಳಗೇ ಉಳಿಯಿತು. ಅದನ್ನು ತೆಗೆಯಲು ಒಂದು ಗಂಟೆ ಹಿಡಿಯಿತು.

ಅಂಟಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಾನು ಕೆಲಸ ಕಲಿತ ಕಡೆ ಬೈಂಡಿಂಗಿಗೆ ಮೈದಾ ಅಂಟು ಕುದಿಸುವಾಗ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳು ಹಿಡಿಯದಿರಲಿ ಎಂದು. ನಮ್ಮ ಜಿಲ್ಲೆಯಲ್ಲಿ ಅದು ಯಾರಿಗೂ ಹೊಸದಲ್ಲ. ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಕಾಫಿ ಗಿಡಗಳಿಗೆ ಹೊಡೆಯುವುದು ಇದೇ ಮೈಲುತುತ್ತವನ್ನು. ಗಿಡಕ್ಕೆ ಒಳ್ಳೆಯದಾದದ್ದು ಕಾಗದಕ್ಕೆ ಒಳ್ಳೆಯದಲ್ಲ. ಅದರಲ್ಲಿರುವ ತಾಮ್ರವೂ ಕಬ್ಬಿಣದಂತೆಯೇ ನಾರನ್ನು ಒಳಗಿಂದ ಮುರಿಯುತ್ತದೆ. ನಾನು ಗೋಧಿ ಹಿಟ್ಟನ್ನು ತೊಳೆದು ತೆಗೆದ ಪಿಷ್ಟದಿಂದ ತೆಳುವಾದ ಅಂಟು ಮಾಡಿ, ಜಪಾನೀ ಟಿಶ್ಯೂ ಕಾಗದವನ್ನು ಕತ್ತರಿಸದೆ ಹರಿದು ಪಟ್ಟಿ ಮಾಡಿ ಏಳು ಮಡಿಕೆಗಳಿಗೂ ಹಚ್ಚಿದೆ. ಹರಿದ ಅಂಚಿನ ನಾರುಗಳು ಹಳೆಯ ಕಾಗದದೊಳಗೆ ಬೆರಳು ಚಾಚಿ ಹಿಡಿದುಕೊಳ್ಳುತ್ತವೆ. ಸೆಲ್ಲೋಟೇಪನ್ನು ಮಾತ್ರ ಯಾರೂ ಹಚ್ಚಬೇಡಿ. ಮಾವನ ಟ್ರಂಕಿನಲ್ಲಿ ಹುಳುವಿಗಿಂತ ಹೆಚ್ಚು ಪುಟಗಳನ್ನು ಕೆಡಿಸಿದ್ದು ಅದೇ.

ಜುಲೈ, ಮೊದಲ ಹತ್ತು ದಿನ

ಸ್ಕ್ಯಾನಿಂಗ್. 600 ಡಿಪಿಐ, ಎಂದರೆ ಅಂಗುಲಕ್ಕೆ 600 ಚುಕ್ಕಿ, ಯಾವ ತಿದ್ದುಪಡಿಯನ್ನೂ ಯಂತ್ರಕ್ಕೆ ಬಿಡದೆ. ಪುಟಕ್ಕೆ ಅರವತ್ತೆಪ್ಪತ್ತು ಎಂಬಿ. ಪ್ರತಿ ಹಾಳೆಯ ಹಿಂದೆ ಒಂದು ಕಪ್ಪು ಕಾಗದ ಇಟ್ಟೆ. ಬಿಳಿ ಇಟ್ಟರೆ ಹಿಂದಿನ ಪುಟದ ಚಿತ್ರ ತೆಳು ಕಾಗದವನ್ನು ಹಾದು ಮುಂದೆ ಕಾಣುತ್ತದೆ. ಕಪ್ಪು ಇಟ್ಟರೆ ಪುಟ ಕೊಂಚ ಮಂಕಾಗುತ್ತದೆ ಅಷ್ಟೆ, ಅದನ್ನು ಆಮೇಲೆ ಎತ್ತಬಹುದು.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಪುಟವನ್ನು ನೋಡುವುದೇ ಒಂದು ಸುಖ. ಫ್ಯಾಂಟಮ್‌ನ ನೇರಳೆ ಉಡುಪು ನೇರಳೆಯಲ್ಲ. ಸಯಾನ್ ಎಂಬ ತಿಳಿನೀಲಿ ಚುಕ್ಕಿಗಳ ಒಂದು ಜಾಲರಿ, ಅದರ ಮೇಲೆ ಓರೆಯಾಗಿ ಮೆಜೆಂಟಾ ಎಂಬ ಗುಲಾಬಿಗೆಂಪು ಚುಕ್ಕಿಗಳ ಇನ್ನೊಂದು ಜಾಲರಿ. ಎರಡೂ ಅರ್ಧರ್ಧ ತೂಕದವು. ಕಣ್ಣು ದೂರ ಸರಿದಾಗ ಅವು ಕೂಡಿ ನೇರಳೆಯಾಗುತ್ತವೆ. ಕಾಡಿನ ಹಸಿರು ಹಳದಿಯ ಪೂರ್ತಿ ಹಾಸಿನ ಮೇಲೆ ಸಯಾನ್ ಚುಕ್ಕಿ. ಮುಖಗಳು ತೆಳು ಮೆಜೆಂಟಾ, ತೆಳು ಹಳದಿ.

ಆಗಿನ ಅಮೆರಿಕದ ಕಾಮಿಕ್ಸ್‌ಗಳ ಲೆಕ್ಕ ಹೀಗಿತ್ತು: ಮೂರು ಮಸಿಗಳು, ಒಂದೊಂದಕ್ಕೂ ನಾಲ್ಕೇ ಹಂತ. ಇಲ್ಲ, ಕಾಲು ಭಾಗ, ಅರ್ಧ ಭಾಗ, ಪೂರ್ತಿ. ನಾಲ್ಕನ್ನು ನಾಲ್ಕರಿಂದ, ಮತ್ತೆ ನಾಲ್ಕರಿಂದ ಗುಣಿಸಿದರೆ 64 ಬಣ್ಣ, ಅದರಲ್ಲಿ ಒಂದು ಬರಿಯ ಕಾಗದ. ಬಣ್ಣಗಾರ ಚಿತ್ರದ ನಕಲಿನ ಮೇಲೆ ಜಲವರ್ಣ ಬಳಿದು ಸಂಕೇತಾಕ್ಷರಗಳನ್ನು ಬರೆದು ಕಳುಹಿಸುತ್ತಿದ್ದ. ಅದನ್ನು ನೋಡಿಕೊಂಡು ಬೇರೊಂದು ಕಡೆಯ ಕೆಲಸಗಾರರು, ಬಹುಪಾಲು ಹೆಣ್ಣುಮಕ್ಕಳು, ಪ್ರತಿ ಮಸಿಯ ಪ್ರತಿ ಹಂತಕ್ಕೂ ಬೇರೆ ಬೇರೆ ಹಾಳೆಯನ್ನು ಕೈಯಿಂದಲೇ ತುಂಬಿ, ಅಚ್ಚು ಒತ್ತುವ ಪ್ಲೇಟಿಗೆ ಸಿದ್ಧಪಡಿಸುತ್ತಿದ್ದರು. ಅವರ ಹೆಸರು ಯಾವ ಪುಸ್ತಕದಲ್ಲೂ ಅಚ್ಚಾಗಲಿಲ್ಲ. ನನ್ನ ಭೂತಗನ್ನಡಿಯಡಿ ಕಂಡ ಹಂತಗಳೂ ಅಷ್ಟೇ ಮಿತವ್ಯಯದವು. ಇಡೀ ಪುಸ್ತಕದಲ್ಲಿ ಎಣಿಸಿದೆ: ಹತ್ತೊಂಬತ್ತೇ ಬಣ್ಣ!

ಮಸಿಗೆರೆಯನ್ನು ಬಣ್ಣದಿಂದ ಬಿಡಿಸುವ ಉಪಾಯವನ್ನು ಬರೆದಿಡುತ್ತೇನೆ, ಯಾರಿಗಾದರೂ ಬೇಕಾದೀತು. ಸ್ಕ್ಯಾನ್ ಚಿತ್ರವನ್ನು ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ವಾಹಿನಿಗಳಾಗಿ ಒಡೆಯಿರಿ. ಕೆಂಪಿನದರಲ್ಲಿ ಮೆಜೆಂಟಾ ಮತ್ತು ಹಳದಿ ಮಾಯವಾಗುತ್ತವೆ, ನೀಲಿಯದರಲ್ಲಿ ಸಯಾನ್ ಬಹುಮಟ್ಟಿಗೆ ಮಾಯವಾಗುತ್ತದೆ, ಹಸಿರಿನದರಲ್ಲಿ ಹಳದಿಯೂ ಒಂದಿಷ್ಟು ಸಯಾನೂ ಹೋಗುತ್ತವೆ. ಈಗ ಮೂರನ್ನೂ ಒಂದರ ಮೇಲೊಂದಿಟ್ಟು ಪ್ರತಿ ಬಿಂದುವಿನಲ್ಲೂ ಮೂರರಲ್ಲಿ ಅತಿ ತಿಳಿಯಾದುದನ್ನೇ ಉಳಿಸಿಕೊಳ್ಳಿ. ಒಂದು ಅಥವಾ ಎರಡು ಮಸಿಯ ಬಣ್ಣಗಳೆಲ್ಲ ಯಾವುದಾದರೂ ಒಂದರಲ್ಲಿ ಕರಗಿಹೋಗುತ್ತವೆ. ಮೂರರಲ್ಲೂ ಕಪ್ಪಾಗಿರುವುದು ಕಪ್ಪು ಮಸಿ ಒಂದೇ. ಕಂದು ಬಣ್ಣ ಮಾತ್ರ ತೊಂದರೆ ಕೊಡುತ್ತದೆ, ಏಕೆಂದರೆ ಅದು ಮೂರೂ ಮಸಿಗಳ ಕೂಟ. ಕಾಗದ ಹಳದಿಯಾಗಿರುವುದರಿಂದ ನೀಲಿ ವಾಹಿನಿಯನ್ನು ಮೊದಲೇ ಎತ್ತಿ ಸಮ ಮಾಡಿಕೊಳ್ಳಬೇಕು.

ಉಳಿದ ಕಪ್ಪನ್ನು ಶುದ್ಧ ಗೆರೆಯಾಗಿಸುವಾಗ, ಎಂದರೆ ಎಷ್ಟು ಗಾಢವಾದದ್ದನ್ನು ಕಪ್ಪು ಎನ್ನಬೇಕೆಂಬ ಮಿತಿ ಇಡುವಾಗ, ಕನ್ನಡ ಅಕ್ಷರ ಕೈಕೊಡುತ್ತದೆ. ಚಿತ್ರಕ್ಕೆ ಹೊಂದುವ ಮಿತಿಯಲ್ಲಿ ಒತ್ತಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಅಕ್ಷರಕ್ಕೆ ಹೊಂದುವ ಮಿತಿಯಲ್ಲಿ ಮುಖದ ನವಿರು ಗೆರೆಗಳು ತುಂಡಾಗುತ್ತವೆ. ಕೊನೆಗೆ ಮಾತಿನ ಗುಳ್ಳೆಗಳನ್ನು ಬೇರೆಯಾಗಿ, ಚಿತ್ರವನ್ನು ಬೇರೆಯಾಗಿ ತೆಗೆದು ಜೋಡಿಸಿದೆ. ಹೊಸ ಫಾಂಟ್ ಹಾಕೋಣವೆಂಬ ಆಸೆ ಒಂದು ಸಂಜೆ ಬಂದಿತ್ತು. ಹಳೆಯ ಅಕ್ಷರಗಳ ದುಂಡನ್ನು ಇನ್ನೊಮ್ಮೆ ನೋಡಿದ ಮೇಲೆ ಹೋಯಿತು.

ಜುಲೈ 14

ಕಪ್ಪು ಗೆರೆ ಮಾತ್ರ ಉಳಿದ ಪುಟಗಳನ್ನು ಪರದೆಯಲ್ಲಿ ಓದಿದೆ. ಏನೂ ಕೊರತೆಯಿಲ್ಲ. ಕಥೆ ಪೂರ್ತಿ ನಡೆಯುತ್ತದೆ.

ಇದು ಆಶ್ಚರ್ಯವಲ್ಲ. ಫ್ಯಾಂಟಮ್ ಹುಟ್ಟಿದ್ದು 1936ರ ಫೆಬ್ರುವರಿಯಲ್ಲಿ, ದಿನಪತ್ರಿಕೆಯ ಕಪ್ಪುಬಿಳುಪು ಪಟ್ಟಿಯಾಗಿ. ಬಣ್ಣದ ಭಾನುವಾರದ ಪುಟ ಬಂದದ್ದು 1939ರ ಮೇ ತಿಂಗಳಲ್ಲಿ. ಕರ್ತೃ ಲೀ ಫಾಕ್ ಅವರ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣದ ಉಡುಪು. ಭಾನುವಾರದ ಪುಟದಲ್ಲಿ ಅಚ್ಚಾದದ್ದು ನೇರಳೆ. ಸ್ವೀಡನ್‌ನವರು ಅದನ್ನು ನೀಲಿ ಮಾಡಿಕೊಂಡರು, ಇಟಲಿಯವರು ಕೆಂಪು. 1964ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಇಂದ್ರಜಾಲ ಆರಂಭವಾದ ಮೇಲೆ ದಿನಪತ್ರಿಕೆಯ ಪಟ್ಟಿಗಳನ್ನು ಕತ್ತರಿಸಿ ಪುಟಕ್ಕೆ ಹೊಂದಿಸಿ ಬಣ್ಣ ಹಾಕಿದರು, ಕಾಡಿನ ದೇಶದ ಹೆಸರನ್ನೂ ಡೆಂಕಾಲಿ ಎಂದು ಬದಲಿಸಿದರು. ನನ್ನ ಕೈಯಲ್ಲಿರುವ ಕಥೆ ಅಂಥ ದಿನಪಟ್ಟಿಯದು, 1961ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ಬರೆದ ಸೈ ಬ್ಯಾರಿ ಅವರ ಕುಂಚದ್ದು. ಅಂದರೆ ಕಲಾವಿದ ಬಣ್ಣವನ್ನೇ ಎಣಿಸದೆ ಬರೆದ ಚಿತ್ರಕ್ಕೆ ಮುಂಬಯಿಯ ಹೆಸರಿಲ್ಲದ ಯಾರೋ ಒಬ್ಬರು ಬಣ್ಣ ಕೊಟ್ಟಿದ್ದಾರೆ. ಹಾಗಿರುವಾಗ ಈ ಪುಸ್ತಕದ ಮೂಲ ಬಣ್ಣ ಯಾವುದು?

ನನಗೆ ಹೊಳೆದ ಉತ್ತರ ಒಂದೇ. ಕರ್ತೃವಿನ ಮನಸ್ಸಿನಲ್ಲಿದ್ದದ್ದನ್ನು ಹುಡುಕುತ್ತ ಹೋದರೆ ಬೂದು ಉಡುಪಿನ ಹತ್ತಿರ ಹೋಗಿ ನಿಲ್ಲಬೇಕಾಗುತ್ತದೆ, ಅದು ಕಡೂರಿನಲ್ಲಿ ಯಾರೂ ಓದದ ಪುಸ್ತಕ. ಓದುಗರ ಕೈಗೆ ಬಂದ ಬಣ್ಣವೇ ಈ ಪುಸ್ತಕದ ಬಣ್ಣ.

ಜುಲೈ, ಮೂರು ಮತ್ತು ನಾಲ್ಕನೆಯ ವಾರ

ಎಂಟು ಪುಟಗಳನ್ನು ಆರಿಸಿ ಮೂರು ಬಗೆ ಮಾಡಿದೆ. ಮೊದಲನೆಯದು ಹಳೆಯ ಹಂತಗಳನ್ನು ಅಂಕಿಗೆ ಅಂಕಿಯಂತೆ ಹೊಸ ಕಡತಕ್ಕೆ ಇಳಿಸಿದ್ದು: ಅರ್ಧ ಸಯಾನ್ ಇದ್ದಲ್ಲಿ 50, ಪೂರ್ತಿ ಹಳದಿ ಇದ್ದಲ್ಲಿ 100. ಅರ್ಧ ದಿನದ ಕೆಲಸ.

ಎರಡನೆಯದು, ಈಗಿನ ವಿಧಾನದಲ್ಲಿ ಪೂರ್ತಿ ಹೊಸ ಬಣ್ಣ. ಇದಕ್ಕೆ ನಾನು ಪ್ರಾಮಾಣಿಕವಾಗಿ ದುಡಿದಿದ್ದೇನೆ. ಚಿತ್ರ ಬರೆಯುವ ತಂತ್ರಾಂಶ ಕ್ರಿತಾದಲ್ಲಿ ಪ್ರತಿಯೊಂದು ಆಕೃತಿಗೂ ಪದರ, ಆಕಾಶಕ್ಕೆ ಇಳಿಜಾರು ಬಣ್ಣ, ತೋಳುಗಳಿಗೆ ಉಬ್ಬುತಗ್ಗು, ಬೆಳದಿಂಗಳ ಅಂಚು, ಜಲಪಾತದ ಮೇಲೆ ಮಂಜು. ಮುಳ್ಳಯ್ಯನಗಿರಿಯ ಕಡೆ ಮಳೆಗಾಲದ ಸಂಜೆ ಹೇಗಿರುತ್ತದೆಯೋ ಆ ಬೂದು ನೀಲಿಯನ್ನು ತಂದೆ. ಒಂದು ಪುಟಕ್ಕೆ ಎರಡು ರಾತ್ರಿ ಹಿಡಿಯಿತು. ಪರದೆಯ ಮೇಲೆ ಅದು ಸುಂದರವಾಗಿತ್ತು.

ಹನ್ನೊಂದನೆಯ ಪುಟಕ್ಕೆ ಬಂದಾಗ ಮನಸ್ಸು ಹಿಂಜರಿಯಿತು. ಅಲ್ಲಿ ಒಂದು ರಾತ್ರಿಯ ಚೌಕವಿದೆ. ಹಳೆಯ ಪುಟದಲ್ಲಿ ಕಾವಲುಗಾರರು, ಗುಡಿಸಲು, ಮರ, ನೆಲ ಎಲ್ಲವೂ ಒಂದೇ ನೀಲಿ. ಗುಡಿಸಲಿನ ಬಾಗಿಲು ಮಾತ್ರ ಹಳದಿ, ಅದರಲ್ಲಿ ನಿಂತವನ ಆಕೃತಿ ಪೂರ್ತಿ ಕಪ್ಪು. ಹತ್ತೊಂಬತ್ತು ಬಣ್ಣಗಳಷ್ಟೇ ಇದ್ದ ಆ ಹೆಸರಿಲ್ಲದ ಕೈ ಎರಡನ್ನು ಮಾತ್ರ ಬಳಸಿ ಕಣ್ಣನ್ನು ನೇರ ಬಾಗಿಲಿಗೆ ಕೊಂಡೊಯ್ದಿದೆ. ನಾನು ಅದಕ್ಕೆ ಬೆಂಕಿಯ ಬೆಳಕು, ಹುಲ್ಲಿನ ಹೊಳಪು, ಕಾವಲುಗಾರರ ಬೆನ್ನಿನ ಮೇಲೆ ಕೆಂಪಂಚು ಎಲ್ಲ ಕೊಟ್ಟೆ. ಚಿತ್ರ ತುಂಬಿತು, ಬಾಗಿಲು ಕಳೆದುಹೋಯಿತು.

ತೋಳುಗಳದು ಇನ್ನೊಂದು ಕಥೆ. ಕಪ್ಪುಬಿಳುಪಿನಲ್ಲೇ ಮುಗಿಯಬೇಕಾದ ಚಿತ್ರವಾದ್ದರಿಂದ ಬ್ಯಾರಿ ತಮ್ಮ ಬೆಳಕನ್ನು ಕುಂಚದ ಗೀರುಗಳಲ್ಲೇ ಇಟ್ಟಿದ್ದಾರೆ. ಮಾಂಸಖಂಡದ ಎಡಗಡೆ ಕಪ್ಪು ಗೀರು ಎಂದರೆ ಬೆಳಕು ಬಲದಿಂದ ಬರುತ್ತಿದೆ ಎಂದರ್ಥ. ಅದರ ಮೇಲೆ ನಾನು ನನ್ನ ನೆರಳನ್ನು ಹಾಕಿದರೆ ಒಂದೇ ತೋಳಿಗೆ ಎರಡು ನೆರಳು. ಅವರ ಬೆಳಕನ್ನೇ ಅನುಸರಿಸಿದರೂ ಹೇಳಿದ ಮಾತನ್ನು ಮತ್ತೆ ಹೇಳಿದಂತಾಗುತ್ತದೆ. ಮೊದಲಿನಿಂದಲೂ ಬಣ್ಣಕ್ಕೆ ಜಾಗ ಬಿಟ್ಟು ಗೆರೆ ಎಳೆದ ಕಲಾವಿದರಿದ್ದಾರೆ, ಅಲ್ಲಿ ಮಾತು ಬೇರೆ. ತಮ್ಮ ಕೆಲಸಕ್ಕೆ ತಾವೇ ಹೊಸ ಬಣ್ಣ ಕೊಟ್ಟವರ ಮಾತೂ ಬೇರೆ. ಟಿನ್‌ಟಿನ್‌ನ ಕಪ್ಪುಬಿಳುಪು ಸಾಹಸಗಳನ್ನು ಅವುಗಳ ಕರ್ತೃ, ಬೆಲ್ಜಿಯಂನ ಎರ್ಜೆ 1940ರ ದಶಕದಲ್ಲಿ ಮತ್ತೆ ಬರೆದು ಬಣ್ಣಕ್ಕೆ ತಂದರು, ಅದೂ ನೆರಳಿಲ್ಲದ ಸಪಾಟು ಬಣ್ಣಕ್ಕೆ. 1988ರ ಬ್ಯಾಟ್‌ಮ್ಯಾನ್ ಕಥೆ 'ದಿ ಕಿಲ್ಲಿಂಗ್ ಜೋಕ್' ಪುಸ್ತಕಕ್ಕೆ ಜಾನ್ ಹಿಗಿನ್ಸ್ ಕೊಟ್ಟಿದ್ದ ಉರಿಯುವ ಬಣ್ಣಗಳ ಬದಲಿಗೆ ಚಿತ್ರಕಾರ ಬ್ರಯನ್ ಬೋಲಂಡ್ 2008ರಲ್ಲಿ ತಾವೇ ತಣ್ಣನೆಯ ಬಣ್ಣ ಹಾಕಿದರು. ಎಳೆದ ಕೈಗೆ ಆ ಅಧಿಕಾರವಿದೆ ಎಂದು ಒಪ್ಪುತ್ತೇನೆ. ಆದರೂ ಹಿಗಿನ್ಸ್ ಅವರ ಪುಸ್ತಕ ಅಂಗಡಿಯಿಂದ ಮರೆಯಾದರೆ ನಷ್ಟ ನಷ್ಟವೇ.

ಮೂರನೆಯ ಬಗೆ ನನ್ನದೇ ಲೆಕ್ಕಾಚಾರದ್ದು. ಅದೇ ಹತ್ತೊಂಬತ್ತು ಬಣ್ಣ, ಅದೇ ಸಪಾಟು ಹಾಸು, ಆದರೆ ಅಂಕಿಗಳು ಬೇರೆ. ಹಳೆಯ ನ್ಯೂಸ್‌ಪ್ರಿಂಟ್ ಮಸಿಯನ್ನು ಹೀರಿಕೊಳ್ಳುತ್ತಿತ್ತು. ಪ್ಲೇಟಿನಲ್ಲಿ ಅರ್ಧ ತೂಕದ ಚುಕ್ಕಿ ಕಾಗದದಲ್ಲಿ ಹರಡಿ ಮುಕ್ಕಾಲಿನಷ್ಟು ಕಾಣುತ್ತಿತ್ತು. ಕಾಗದವೇ ಬೂದು ಬಿಳಿ, ಅದರ ಮಂಕು ಎಲ್ಲ ಬಣ್ಣಗಳ ಅಡಿಯಲ್ಲೂ ಇತ್ತು. ಬಣ್ಣ ಹಾಕಿದವರಿಗೆ ಅದು ಗೊತ್ತಿತ್ತು. ಕಾಗದ ಎಷ್ಟು ತಗ್ಗಿಸುತ್ತದೆಯೋ ಅಷ್ಟು ಏರಿಸಿ ಬಳಿದರು, ಮದುವೆ ಮನೆಯಲ್ಲಿ ಅನ್ನಕ್ಕೆ ಕಲಸುವ ಸಾರಿಗೆ ಉಪ್ಪು ಮುಂದು ಹಾಕುವ ಹಾಗೆ. ಅನ್ನವನ್ನು ತೆಗೆದುಬಿಟ್ಟು ಸಾರನ್ನು ಮಾತ್ರ ಕುಡಿಸಿದರೆ ಉಪ್ಪು ಹೆಚ್ಚೆನಿಸದೆ ಇರುತ್ತದೆಯೇ?

ಕಾಗದದ ಆಗಿನ ಬಣ್ಣವನ್ನು ಮಡಿಕೆಯ ಹತ್ತಿರದಿಂದ ಅಳೆದೆ. ಪುಟದ ಅಂಚು ಗಾಳಿ ಬೆಳಕಿಗೆ ಕಂದಾಗಿದೆ, ಮಡಿಕೆಯೊಳಗೆ ಕಡಿಮೆ. ಅಲ್ಲಿನ ಬಣ್ಣಗಳನ್ನು ಬೂದು ಫಲಕದ ಪಕ್ಕದಲ್ಲಿಟ್ಟು ಹಗಲ ಬೆಳಕಿನಲ್ಲಿ ಛಾಯಾಚಿತ್ರ ತೆಗೆದು, ಅದಕ್ಕೆ ಹೊಂದುವ ತನಕ ಹೊಸ ಅಂಕಿಗಳನ್ನು ತಿದ್ದಿದೆ.

ಕೆಲಸ ಮಾಡುತ್ತ ಮಾಡುತ್ತ ಒಂದು ಸೂತ್ರ ಸಿಕ್ಕಿತು. ಪ್ರತಿಯ ತಪ್ಪು ಬೇರೆ, ಪ್ಲೇಟಿನ ತಪ್ಪು ಬೇರೆ. ಆರನೆಯ ಪುಟದಲ್ಲಿ ಹಳದಿ ಅರ್ಧ ಮಿಲಿಮೀಟರ್ ಜರುಗಿ ಎಲ್ಲರ ಕೆನ್ನೆಯಿಂದ ಆಚೆ ಚಾಚಿದೆ. ಆ ಹಾಳೆ ಯಂತ್ರದಲ್ಲಿ ಹಾದ ಕ್ಷಣದ ಅಪಘಾತ ಅದು. ಕಡೂರಿನ ಅದೇ ಅಂಗಡಿಯಲ್ಲಿ ಪಕ್ಕದ ಪ್ರತಿಯಲ್ಲಿ ಅದು ನೆಟ್ಟಗಿದ್ದಿರಬಹುದು. ಅದನ್ನು ಸರಿಪಡಿಸಿದೆ. ಕಾಗದ ಕಂದಾದದ್ದು, ತುಕ್ಕು, ಬೂಷ್ಟು, ಇವೂ ಪ್ರತಿಯವು, ಸರಿಪಡಿಸಿದೆ. ಆದರೆ ಹದಿನೇಳನೆಯ ಪುಟದಲ್ಲಿ ಫ್ಯಾಂಟಮ್ ತನ್ನ ಬಿಳಿ ಕುದುರೆ ಹೀರೋನ ಮೇಲೆ ಹೊಳೆ ದಾಟುವ ಚಿತ್ರವಿದೆ. ಸವಾರನ ಕಾಲಿನ ನೇರಳೆ ಗೆರೆ ದಾಟಿ ಕುದುರೆಯ ಹೊಟ್ಟೆಗೂ ಹೋಗಿದೆ. ಇದು ಜರುಗಿದ್ದಲ್ಲ, ಪ್ಲೇಟಿಗೆ ಬಳಿಯುವಾಗಲೇ ಆದದ್ದು. ಎಲ್ಲ ಪ್ರತಿಗಳಲ್ಲೂ ಹೊಟ್ಟೆ ನೇರಳೆಯೇ. ಸೂತ್ರದ ಪ್ರಕಾರ ಬಿಡಬೇಕಿತ್ತು. ನನ್ನ ಕೈ ತಡೆಯಲಿಲ್ಲ. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪುಗಳನ್ನು ತಿದ್ದಿ ಅಚ್ಚಿಗೆ ಕಳುಹಿಸಿದ ಕೈ ಅದು. ಹೊಟ್ಟೆಯನ್ನು ಬಿಳಿ ಮಾಡಿದೆ.

ಇನ್ನೊಂದು ಕಡೆ ಈಗಲೂ ಸಮಾಧಾನವಿಲ್ಲ. ಕಾಡಿನ ಜನರನ್ನೆಲ್ಲ ಹಳೆಯ ಪುಸ್ತಕ ಒಂದೇ ಕಂದಿನಲ್ಲಿ ಅದ್ದಿದೆ. ಮುಖ, ತೋಳು, ಕೆಲವೆಡೆ ತೊಟ್ಟ ಬಟ್ಟೆಗೂ ಅದೇ ಬಣ್ಣ. ಹೊರಗಿನಿಂದ ಬಂದವರಿಗೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಅಂಗಿ. ಇದೂ ಪ್ಲೇಟಿನದೇ. ಇದ್ದ ಹಾಗೆ ಬಿಟ್ಟಿದ್ದೇನೆ, ಏಕೆಂದರೆ ಆಗ ಹೀಗಿತ್ತು ಎಂಬುದನ್ನು ಅಳಿಸುವ ಹಕ್ಕು ನನಗಿಲ್ಲ. ಆದರೆ ಮಕ್ಕಳ ಕೈಗೆ ಕೊಡುವಾಗ ಆ ಪುಟದಲ್ಲಿ ನಿಲ್ಲಿಸಿ ಅದನ್ನು ತೋರಿಸಿ ಮಾತನಾಡುತ್ತೇನೆ.

ಆಗಸ್ಟ್ 6

ಮೂರು ಬಗೆಯನ್ನೂ ಮೂರು ಕಾಗದದ ಮೇಲೆ ಅಚ್ಚು ಹಾಕಿಸಲು ಹಾಸನಕ್ಕೆ ಹೋದೆ. 130 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಹೊಳಪಿನ ಆರ್ಟ್ ಕಾಗದ, 80ರ ಸಾದಾ ಮ್ಯಾಪ್ಲಿಥೋ, ಮತ್ತು ಪುಸ್ತಕಗಳಿಗೆ ಬಳಸುವ ಕೆನೆಬಣ್ಣದ ಕಾಗದ. ಮೊದಲ ಸುತ್ತು ವ್ಯರ್ಥವಾಯಿತು. ಯಂತ್ರ ತಾನೇ ಬಣ್ಣವನ್ನು ಚೆನ್ನಾಗಿಸುವ ಸೌಲಭ್ಯವನ್ನು ಯಾರೋ ಚಾಲೂ ಬಿಟ್ಟಿದ್ದರು. ಮೂರು ವಾರ ಅಳೆದು ತಗ್ಗಿಸಿದ ಹಳದಿಯೆಲ್ಲ ನಿಂಬೆಹಣ್ಣಾಗಿ ಹೊರಬಂದಿತು. ಅದನ್ನು ನಿಲ್ಲಿಸಿ ಎರಡನೆಯ ಸುತ್ತು ಹಾಕಿಸಿದೆವು.

ಆರ್ಟ್ ಕಾಗದದ ಮೇಲೆ ಮೊದಲನೆಯ ಬಗೆ ನೋಡಲಾಗಲಿಲ್ಲ. ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ಜೋಡಿಸಿದಂತಿತ್ತು. ಅಂಕಿ ಅಂಕಿಗೂ ನಿಷ್ಠೆಯಿತ್ತು, ಹಳೆಯ ಪುಸ್ತಕದ ಹೋಲಿಕೆ ಎಳ್ಳಷ್ಟೂ ಇರಲಿಲ್ಲ. ಹಳೆಯ ಬಣ್ಣ ಒರಟು ಎಂದು ಹೇಳುವ ಬಹಳ ಜನ ನೋಡಿರುವುದು ಇಂಥ ಮರುಮುದ್ರಣವನ್ನೇ ಇರಬೇಕು. ಆ ಹೊಳಪನ್ನು ತಾಳಲಾರದೆ ಹೊಸ ಬಣ್ಣ ಬೇಕು ಎನ್ನುತ್ತಾರೆ. ತಪ್ಪು ಬಣ್ಣದ್ದಲ್ಲ, ಕಾಗದದ್ದು. ಎರಡನೆಯ ಬಗೆ ಆರ್ಟ್ ಕಾಗದಕ್ಕೆ ಚೆನ್ನಾಗಿ ಒಗ್ಗಿತು. ಮೂರನೆಯದು ಕೆನೆ ಕಾಗದದ ಮೇಲೆ ಬಂದಾಗ ನಾನು ಹಳೆಯ ಹಾಳೆಯನ್ನು ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದೆ. ಕಾಗದಕ್ಕೇ ಬಣ್ಣವಿದ್ದುದರಿಂದ ಕಡತದಲ್ಲಿ ನಾನು ಸೇರಿಸಿದ್ದ ತಳಬಣ್ಣವನ್ನು ತೆಗೆದುಹಾಕಿ ಇನ್ನೊಮ್ಮೆ ಹಾಕಿಸಿದೆ. ಈಗ ಸರಿಹೋಯಿತು.

ಹಿಂದಿರುಗುವಾಗ ಬೇಲೂರಿನಲ್ಲಿ ಬಸ್ ಬದಲಿಸಬೇಕಿತ್ತು. ಮಳೆ ಬಿಟ್ಟಿತ್ತು, ದೇವಸ್ಥಾನಕ್ಕೆ ಹೋಗಿಬಂದೆ. 1117ರ ಆ ಗೋಡೆಗಳಲ್ಲಿ ನಾನು ಯಾವಾಗಲೂ ಹುಡುಕುವುದು ವಿಗ್ರಹಗಳ ಕೆಳಗಿನ ಬರಹವನ್ನು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಮ್ಮ ಕೆಲಸದ ಕೆಳಗೆ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಒಂಬೈನೂರು ವರ್ಷದ ಮೇಲೂ ಇದು ಇವನ ಉಳಿ ಎಂದು ಹೇಳಬಹುದು. ಐವತ್ತು ವರ್ಷದ ಹಿಂದೆ ರಾತ್ರಿಯನ್ನು ಎರಡೇ ಬಣ್ಣದಲ್ಲಿ ಹಿಡಿದ ಆ ಕೈ ಯಾರದೆಂದು ಹೇಳಲಾಗದು. ಹೆಸರಿಲ್ಲದ ಕೆಲಸವನ್ನು ಅಳಿಸುವುದು ಸುಲಭ, ಕೇಳಲು ಯಾರೂ ಬರುವುದಿಲ್ಲ. ಚಿಕ್ಕಮಗಳೂರಿನ ಬಸ್ಸಿನಲ್ಲಿ ಕುಳಿತು ಹೊಸ ಪ್ರತಿಯ ಒಳಪುಟಕ್ಕೆ ಒಂದು ಸಾಲು ಬರೆದುಕೊಂಡೆ: ಬಣ್ಣ, ಮೊದಲ ಮುದ್ರಣದ ಅಜ್ಞಾತ ಬಣ್ಣಗಾರರದು.

ಆಗಸ್ಟ್ 10

ಎಂಟೆಂಟು ಪುಟದ ಮೂರು ಕಂತೆಗಳನ್ನು ಹೇಳದೆ ಕೇಳದೆ ಮನೆಯವರ ಮುಂದಿಟ್ಟೆ. ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಅವಳು ತಡಮಾಡದೆ ಎರಡನೆಯ ಬಗೆಯನ್ನು ಎತ್ತಿಕೊಂಡಳು. ಟಿವಿಯ ಹಾಗಿದೆ, ಮಂಜು ನಿಜವಾದ ಮಂಜಿನ ಹಾಗಿದೆ ಎಂದಳು. ಅವಳ ಸಂತೋಷ ನಿಜವಾದದ್ದು, ಅದನ್ನು ತಳ್ಳಿಹಾಕುವುದು ತಪ್ಪು. ಆ ರಾತ್ರಿಗಳು ಹಾಳಾಗಲಿಲ್ಲ ಎಂದು ನನಗೂ ಖುಷಿಯಾಯಿತು. ಸ್ವಲ್ಪ ಹೊತ್ತಾದ ಮೇಲೆ ಹನ್ನೊಂದನೆಯ ಪುಟ ಹಿಡಿದುಕೊಂಡು ಬಂದು, "ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ ಎಂದು ಬರೆದಿದೆ, ಎಲ್ಲಿದ್ದಾನೆ?" ಎಂದು ಕೇಳಿದಳು. ಕೆನೆ ಕಾಗದದ ಪುಟ ಕೊಟ್ಟೆ. ಒಂದು ಕ್ಷಣ ನೋಡಿ, "ಓ" ಎಂದು ಮುಂದಿನ ಪುಟ ತಿರುಗಿಸಿದಳು.

ಆಗಸ್ಟ್ 11

ಮಾವನಿಗೆ ಕಳೆದ ವರ್ಷ ಬಲಗಣ್ಣಿನ ಪೊರೆ ತೆಗೆದಿದ್ದಾರೆ, ಎಡಗಣ್ಣಿನದು ಬಾಕಿ ಇದೆ. ಪೊರೆ ಇರುವ ಕಣ್ಣಿನ ಮಸೂರ ಹಳದಿಗಟ್ಟಿರುತ್ತದೆ, ನೀಲಿಯನ್ನು ತಡೆಯುತ್ತದೆ. ಪೊರೆ ತೆಗೆದ ಕಣ್ಣಿಗೆ ನೀಲಿ ಎದ್ದು ಕಾಣುತ್ತದೆ. ಅವರು ಹಳೆಯ ಹಾಳೆಯನ್ನು ಒಮ್ಮೆ ಬಲಗಣ್ಣು ಮುಚ್ಚಿ, ಒಮ್ಮೆ ಎಡಗಣ್ಣು ಮುಚ್ಚಿ ನೋಡಿದರು. ಆಮೇಲೆ ಕೆನೆ ಕಾಗದದ ಕಂತೆಯನ್ನೂ ಹಾಗೆಯೇ ನೋಡಿದರು. ಎರಡೂ ಕಣ್ಣಿಗೆ ಎರಡೂ ಪುಟ ಒಂದೇ ರೀತಿ ಬದಲಾಗುತ್ತಿವೆ ಎಂದರು. ಮುದ್ರಣದಲ್ಲಿ ಇಷ್ಟು ವರ್ಷ ಕಳೆದರೂ ಇಷ್ಟು ಕಟ್ಟುನಿಟ್ಟಾದ ಪ್ರೂಫ್ ಪರೀಕ್ಷೆಯನ್ನು ನಾನು ನೋಡಿರಲಿಲ್ಲ.

ಕಿಟಕಿಯ ಪಕ್ಕ ಕುಳಿತು ಓದಲು ಶುರುಮಾಡಿದರು. ತುಟಿ ಅಲ್ಲಾಡುತ್ತಿತ್ತು. ಹದಿನೇಳನೆಯ ಪುಟದಲ್ಲಿ ನಿಂತರು. ಹಿಂದಿನ ಪುಟಕ್ಕೆ ಹೋಗಿ ಮತ್ತೆ ಬಂದರು.

"ಇಲ್ಲಿ ಕುದುರೆಯ ಹೊಟ್ಟೆ ನೇರಳೆ ಇತ್ತಲ್ಲ?"

ಅದು ಬಣ್ಣ ಹಾಕಿದವರ ತಪ್ಪು, ಸರಿಪಡಿಸಿದ್ದೇನೆ ಎಂದೆ.

"ತಪ್ಪೋ ಸರಿಯೋ, ಹೊಳೆಯ ನೀರಿನಲ್ಲಿ ಅವನ ಬಟ್ಟೆಯ ಬಣ್ಣ ಬಿಟ್ಟು ಕುದುರೆಗೆ ಹತ್ತಿದೆ ಎಂದುಕೊಂಡಿದ್ದೆ ನಾನು. ಊರಿಗೆ ಬಂದು ಎಲ್ಲರಿಗೂ ಹಾಗೆಯೇ ಹೇಳಿದ್ದೆ." ಪುಟವನ್ನು ನನ್ನ ಕಡೆ ಚಾಚಿದರು. "ಆ ಕುದುರೆ ಬೇಕು."

ಆಗಸ್ಟ್ 19

ಹೊಟ್ಟೆಗೆ ನೇರಳೆ ಮರಳಿತು. ಉಳಿದ ಇಪ್ಪತ್ತು ಪುಟಗಳಿಗೂ ಮೂರನೆಯ ಬಗೆಯ ಬಣ್ಣ ಮುಗಿಸಿದೆ, ಸಪಾಟು ಬಣ್ಣವಾದ್ದರಿಂದ ದಿನಕ್ಕೆ ಮೂರು ಪುಟ ಸಾಗಿತು. ಕೆನೆ ಕಾಗದದ ಏಳು ಹಾಳೆಗಳನ್ನು ಮಡಚಿ, ಪಿನ್ನಿನ ಬದಲು ಐದು ತೂತು ಹಾಕಿ ಹತ್ತಿ ದಾರದಿಂದ ಹೊಲಿದೆ. ಗಂಟು ಒಳಗಡೆ ಬಂದಿದೆ. ಮೂಲ ಪ್ರತಿ ಈಗ ಆಮ್ಲರಹಿತ ಕಾಗದದ ಹೊದಿಕೆಯಲ್ಲಿದೆ, ಟ್ರಂಕಿಗೆ ಮಾತ್ರ ಹಿಂದಿರುಗುವುದಿಲ್ಲ. ಅಕ್ಕನ ಮಗಳಿಗೆ ಮಂಜಿನ ಎಂಟು ಪುಟಗಳನ್ನು ಬೇರೆಯಾಗಿ ಹೊಲಿದುಕೊಟ್ಟೆ.

ಇನ್ನು ನಲವತ್ತು ಪುಸ್ತಕಗಳಿವೆ. ನಾಳೆ ಅಮರ ಚಿತ್ರ ಕಥೆಗಳ ಪಿನ್ನುಗಳನ್ನು ತೆಗೆಯಲು ಆರಂಭಿಸುತ್ತೇನೆ.